ನಾಲ್ಕನೇ ಕುರ್ಚಿಯ ಮೂಗು

ನಮ್ಮ ಮನೆ, ಎರಡನೇ ಮಹಡಿ, ಅಡುಗೆಮನೆಯ ಮೇಜು
ಅಕ್ಟೋಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನಿಯವರಿಗೆ,

ಹೇಗಿದ್ದೀಯಾ? ಮಂಡಿನೋವು ಹೇಗಿದೆ? ಮಗಳ ಮನೆಗೆ ಇಪ್ಪತ್ತೆರಡು ಮೆಟ್ಟಿಲು ಎಂದು ನೀನು ಹೋದ ಪತ್ರದಲ್ಲಿ ತಿಳಿಸಿದ್ದೆ, ಎಷ್ಟನೇ ಮೆಟ್ಟಿಲಿನಲ್ಲಿ ನಿಂತು ಅಳಿಯನನ್ನು ಬೈಯುತ್ತೀ ಎಂದು ತಿಳಿಸಿರಲಿಲ್ಲ. ಮುಲಾಮು ಹಚ್ಚಿಕೋ. ಮೊಮ್ಮಗಳಿಗೆ ನಾಲ್ಕನೇ ಹಲ್ಲು ಬಂತೇ? ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತಲ್ಲ ಎನ್ನಬೇಡ. ಫೋನು ಮಾಡಿದರೆ ನೀನು ಅದನ್ನು ಮಗುವಿನ ಬಾಯಿಗೆ ಹಿಡಿಯುತ್ತೀ, ಐವತ್ತೇಳು ವರ್ಷದ ಸರ್ಕಾರಿ ನೌಕರನಾದ ನಾನು ನಾಲ್ಕು ನಿಮಿಷ ‘ಬುಬ್ಬುಬ್ಬೂ’ ಎನ್ನುತ್ತೇನೆ, ಅದು ಫೋನಿನ ಮೇಲೆ ಜೊಲ್ಲು ಸುರಿಸುತ್ತದೆ, ಮಗಳು ಬಂದು ‘ಇಡ್ತೀನಪ್ಪಾ, ಇವಳಿಗೆ ನಿದ್ದೆ’ ಎನ್ನುತ್ತಾಳೆ. ಹೀಗೆ ನಮ್ಮ ದಾಂಪತ್ಯದ ಮಾತುಕತೆ ಹನ್ನೊಂದು ತಿಂಗಳಿನಿಂದ ಬುಬ್ಬುಬ್ಬೂ ಮಟ್ಟದಲ್ಲೇ ನಿಂತಿದೆ. ಆದ್ದರಿಂದ ಪತ್ರ. ನನ್ನ ಆರೋಗ್ಯ ಕೇಳುವೆಯಾದರೆ, ಸೊಂಟ ಸರಿಯಾಗಿದೆ, ಹೊಟ್ಟೆ ಸರಿಗಿಂತ ಒಂದು ಸುತ್ತು ಹೆಚ್ಚಾಗಿದೆ, ಕಿವಿ ಬೇಕಾದ್ದಕ್ಕಿಂತ ಚುರುಕಾಗಿದೆ. ಮೂಗಿನ ಬಗ್ಗೆ ಮಾತ್ರ ಒಂದು ಸುದ್ದಿಯಿದೆ. ಮಗುವನ್ನು ಮಲಗಿಸಿ ಬಂದು ಓದು.

ಮೊದಲು ಮನೆಯ ವರದಿ. ಹೊರಡುವ ದಿನ ನೀನು ಅಡುಗೆಮನೆಯ ಗೋಡೆಗೆ ಅಂಟಿಸಿಹೋದ ಹನ್ನೆರಡು ಸೂಚನೆಗಳಲ್ಲಿ ಏಳು ಜಾರಿಯಲ್ಲಿವೆ, ಮೂರು ಪರಿಶೀಲನೆಯಲ್ಲಿವೆ, ಎರಡರ ಮೇಲೆ ಸಾರು ಬಿದ್ದು ಅಕ್ಷರ ಅಳಿಸಿವೆ. ತಿಂದ ತಟ್ಟೆಯನ್ನು ತಕ್ಷಣ ತೊಳೆಯುತ್ತಿದ್ದೇನೆ, ಏಕೆಂದರೆ ಹೊರಗೆ ಇಟ್ಟುಕೊಂಡಿರುವುದೇ ಒಂದು ತಟ್ಟೆ. ಕಿಟಕಿಯ ಗಿಡ ಬದುಕಿದೆ, ನನ್ನ ಕಾಳಜಿಯಿಂದಲ್ಲ, ಹಟದಿಂದ. ಸಂಜೆ ಬಾಗಿಲು ತೆಗೆದು ಒಳಗೆ ಬಂದು ‘ಬಂದೆ’ ಎನ್ನುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ. ಅಂದ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತೇನೆ, ಆಮೇಲೆ ದೀಪ ಹಾಕುತ್ತೇನೆ. ನೀನು ಹೋಗಿದ್ದು ಮೂರು ತಿಂಗಳಿಗೆ. ಆಮೇಲೆ ಮಗು ಕತ್ತು ನಿಲ್ಲಿಸಲಿ ಅಂದೆ, ಕೂರಲಿ ಅಂದೆ, ಮಗಳು ಕೆಲಸಕ್ಕೆ ಹೋಗಲು ಶುರು ಮಾಡಲಿ ಅಂದೆ. ಪ್ರತಿ ಸಲವೂ ನಾನು ‘ನಿಧಾನವಾಗಿ ಬಾ, ನನಗೇನು’ ಎಂದೆ. ಆ ‘ನನಗೇನು’ ನನ್ನ ಜೀವಮಾನದ ಅತಿ ದೊಡ್ಡ ಸುಳ್ಳು ಎಂದು ಈಚಿನವರೆಗೆ ತಿಳಿದಿದ್ದೆ. ಈಗ ಅದು ಎರಡನೇ ಸ್ಥಾನಕ್ಕೆ ಇಳಿದಿದೆ. ಮೊದಲನೆಯದರ ಕಥೆಯೇ ಈ ಪತ್ರ.

ನನ್ನ ಉದ್ಯೋಗದ ಬಗ್ಗೆ ನಿನಗೆ ತಿಳಿದಿರುವುದು, ಹತ್ತೊಂಬತ್ತು ವರ್ಷ ಅದರಿಂದ ನೀನು ಅನುಭವಿಸಿದ್ದು. ಮನೆಗೆ ವಾಸನೆಯ ಸೋಪು ತರುವಂತಿರಲಿಲ್ಲ, ನೀನು ತಲೆಗೆ ಘಮ್ಮೆನ್ನುವ ಎಣ್ಣೆ ಹಾಕುವಂತಿರಲಿಲ್ಲ, ಪರೀಕ್ಷೆಯ ಹಿಂದಿನ ದಿನ ಈರುಳ್ಳಿ ಹೆಚ್ಚುವಂತಿರಲಿಲ್ಲ. ‘ಸರ್ಕಾರ ನಿಮ್ಮ ಮೂಗನ್ನ ಮದುವೆಯಾಗಿದೆ, ನಾನು ಮಿಕ್ಕಿದ್ದನ್ನ’ ಎಂದು ನೀನು ಹೇಳುತ್ತಿದ್ದೆ. ಆದರೆ ಆ ಮೂಗು ಕಚೇರಿಯಲ್ಲಿ ಏನು ಮಾಡುತ್ತದೆ ಎಂದು ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ, ಕೇಳಿದ್ದರೆ ನಾನು ಇನ್ನೂ ಎರಡು ಗಂಟೆ ಹೇಳುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಈಗ ಕೇಳದಿದ್ದರೂ ಹೇಳುತ್ತೇನೆ. ‘ಯಾವ ಕಾರ್ಖಾನೆಯೂ ತನ್ನ ದುರ್ವಾಸನೆಯಿಂದ ನೆರೆಹೊರೆಗೆ ಬಾಧೆ ಕೊಡತಕ್ಕದ್ದಲ್ಲ’ ಎಂದು ಶಾಸನಸಭೆಯವರು ಒಂದು ಸಾಲು ಬರೆದರು. ಬರೆದು ಊಟಕ್ಕೆ ಹೋದರು. ದುರ್ವಾಸನೆ ಎಂದರೆ ಎಷ್ಟು, ಬಾಧೆ ಎಂದರೆ ಯಾವಾಗಿನಿಂದ ಎಂದು ನಮ್ಮ ಇಲಾಖೆ ಆರು ವರ್ಷ ತಲೆ ಕೆರೆದುಕೊಂಡು ನಿಯಮ ಮಾಡಿತು. ಕಾರ್ಖಾನೆಯ ಬೇಲಿಯ ಹತ್ತಿರ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿಕೊಂಡು ಬರಬೇಕು, ಮೂವತ್ತು ಗಂಟೆಯೊಳಗೆ ಅದನ್ನು ಮೂಸಬೇಕು. ಮೂಸುವುದು ಯಂತ್ರವಲ್ಲ, ಮನುಷ್ಯರು. ಆ ಗಾಳಿಗೆ ಎಷ್ಟು ಪಟ್ಟು ಶುದ್ಧ ಗಾಳಿ ಬೆರೆಸಿದರೆ ಕೂತವರಲ್ಲಿ ಅರ್ಧ ಜನಕ್ಕೆ ವಾಸನೆ ತಿಳಿಯದೆ ಹೋಗುತ್ತದೋ, ಅಷ್ಟು ಅಂಕ. ಹತ್ತು ದಾಟಿದರೆ ಕಾರ್ಖಾನೆಗೆ ನೋಟಿಸು, ದಾಟದಿದ್ದರೆ ದೂರು ಕೊಟ್ಟವರಿಗೆ ನಮಸ್ಕಾರ. ಸರ್ಕಾರಕ್ಕೆ ಕಣ್ಣಿಲ್ಲ, ಕಿವಿಯಿಲ್ಲ ಎಂದು ಜನ ಬೈಯುತ್ತಾರೆ. ಮೂಗು ಇದೆ. ಅದು ನೆಲಮಾಳಿಗೆಯ ಪಕ್ಕದ ಬಿಳಿ ಕೋಣೆಯಲ್ಲಿ, ಆರು ಕುರ್ಚಿಗಳಲ್ಲಿ, ನಾಲ್ಕನೆಯದರಲ್ಲಿ ಕೂರುತ್ತದೆ.

ಪ್ರತಿ ಕುರ್ಚಿಯ ಮುಂದೆ ಎರಡು ಕೊಳವೆ. ಒಂದರಲ್ಲಿ ಬರೀ ಗಾಳಿ, ಇನ್ನೊಂದರಲ್ಲಿ ಚೀಲದ ಗಾಳಿ, ಮೊದಲು ತೀರ ತೆಳ್ಳಗೆ, ಆಮೇಲೆ ಹಂತಹಂತವಾಗಿ ಗಟ್ಟಿ. ಎಡವೋ ಬಲವೋ ಗುಂಡಿ ಒತ್ತಬೇಕು, ಖಾತ್ರಿಯಾದಾಗ ಮೂರನೇ ಗುಂಡಿ. ಮಾತಾಡುವಂತಿಲ್ಲ, ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಅದಕ್ಕೆಂದೇ ಮಧ್ಯೆ ತಡಿಕೆ. ಆದರೂ ಪರೀಕ್ಷೆ ಮುಗಿದ ಮೇಲಿನ ಅರ್ಧ ಗಂಟೆ ನಿನಗೆ ವರ್ಣಿಸಲಾರೆ. ಅಲ್ಲಿಯವರೆಗೆ ಯಾರೂ ಚಹಾ ಕುಡಿದಿರುವುದಿಲ್ಲವಲ್ಲ, ಎಲ್ಲರೂ ಬಿಡುಗಡೆಯಾದ ಕೈದಿಗಳ ಹಾಗೆ ಕೆಟಲಿನ ಸುತ್ತ ಸೇರುತ್ತೇವೆ. ಮೂರನೇ ಕುರ್ಚಿಯ ನಿವೃತ್ತ ಕಂಡಕ್ಟರ್ ‘ರೀ ಯಜಮಾನ್ರೆ, ಮುಂದೆ ಹೋಗ್ರಿ, ಹಿಂದೆ ಜಾಗ ಬಿಡ್ರಿ’ ಎಂದು ಲೋಟ ಹಿಡಿದು ನುಗ್ಗುತ್ತಾನೆ. ನೀನು ಹೋದ ಮೇಲೆ ವಾರಕ್ಕೆ ಎರಡು ಸಲದ ಆ ಅರ್ಧ ಗಂಟೆಗಳಲ್ಲೇ ನಾನು ನಾಲ್ಕು ಜನರ ನಡುವೆ ನಿಂತು ಮಾತಾಡಿರುವುದು. ಇದನ್ನು ನೆನಪಿಟ್ಟುಕೋ, ಮುಂದೆ ಬರುವುದು ಅರ್ಥವಾಗಬೇಕಾದರೆ ಇದು ಬೇಕು.

ಊರಾಚೆ ಮೂಳೆ ಬೇಯಿಸಿ ಗೋಂದು ಮಾಡುವ ಕಾರ್ಖಾನೆಯಿದೆ. ಅದರ ಹಿಂಗೋಡೆಗೆ ಅಂಟಿಕೊಂಡ ಹಾಗೆ ಒಬ್ಬ ದರ್ಜಿಯ ಅಂಗಡಿ, ಹೆಂಗಸು, ನಿನ್ನದೇ ವಯಸ್ಸು, ಮಾತಿನಲ್ಲಿಯೂ ನಿನಗಿಂತ ಕಡಿಮೆಯಿಲ್ಲ. ಬಟ್ಟೆ ಗಾಳಿಯಲ್ಲಿರುವುದನ್ನೆಲ್ಲ ಕುಡಿಯುತ್ತದೆ. ಈಕೆ ಹೊಲಿದ ಅಂಗಿ ಕೋಟುಗಳನ್ನು ಜನ ಮನೆಗೊಯ್ದು ಮರುದಿನ ವಾಪಸು ತರತೊಡಗಿದರು. ಈಕೆ ಇಲಾಖೆಗೆ ದೂರು ಬರೆದಳು. ನಲವತ್ತೊಂದು ಸಲ. ನಲವತ್ತೊಂದನೆಯದಕ್ಕೆ ಇಲಾಖೆಯ ಕಣ್ಣು ತೆರೆಯಿತು, ಅಂದರೆ ಮೂಗು. ಸೆಪ್ಟೆಂಬರ್ ಮೊದಲ ವಾರ ಚೀಲಗಳು ಬಂದವು. ಆ ದಿನ ಒಂದನೇ ಕುರ್ಚಿಗೆ ನೆಗಡಿ, ಆರನೆಯವಳ ಮಗನಿಗೆ ಮದುವೆ. ಉಳಿದವರು ನಾಲ್ವರು. ನಿಯಮದ ಪ್ರಕಾರ ನಾಲ್ಕು ಮೂಗಿಗೆ ಒಂದು ಕಡಿಮೆಯಾದರೂ ಪರೀಕ್ಷೆ ಪರೀಕ್ಷೆಯಲ್ಲ. ನಾಲ್ಕಿದ್ದವು, ನಡೆಸಿದೆವು. ಒಂಬತ್ತು ಅಂಕ ಬಂತು. ಹಿರಿಯ ಸದಸ್ಯನೆಂದು ಕೆಳಗೆ ನಾನೇ ಸಹಿ ಹಾಕಿದೆ. ‘ವಾಸನೆಯು ಮಿತಿಯೊಳಗಿರುವುದರಿಂದ ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ, ಮೇಲ್ಮನವಿಗೆ ಅಕ್ಟೋಬರ್ ಮೂವತ್ತರವರೆಗೆ ಅವಕಾಶವಿದೆ’ ಎಂದು ದರ್ಜಿಗೆ ಪತ್ರ ಹೋಯಿತು.

ಹದಿನೈದು ದಿನದ ಹಿಂದೆ ಅವಳೇ ಬಂದಳು. ಕೈಯಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ, ಮುಚ್ಚಳಕ್ಕೆ ಟೇಪು ಸುತ್ತಿದ್ದಾಳೆ. ‘ಸರ್ಕಾರದ ಮೂಗು ಅಂದ್ರೆ ಯಾರು ಇಲ್ಲಿ?’ ಎಂದು ಬಾಗಿಲಲ್ಲೇ ಕೇಳಿದಳು. ಎಲ್ಲರೂ ನನ್ನತ್ತ ತೋರಿಸಿದರು, ನಾನೂ ಸ್ವಲ್ಪ ಹೆಮ್ಮೆಯಿಂದಲೇ ಎದ್ದು ನಿಂತೆ. ‘ನೋಡಿ ಸಾರ್, ನಲವತ್ತೊಂದು ಸಲ ನಾನು ಬರೆದೆ, ನೀವು ಓದಿದ್ರಿ. ಇವತ್ತು ಬರೆಯೋದೂ ಬೇಡ, ಓದೋದೂ ಬೇಡ. ಮೂಸಿ’ ಎಂದು ಟೇಪು ಕಿತ್ತು ಮುಚ್ಚಳ ತೆಗೆದಳು. ಒಳಗೆ ಮಡಿಸಿಟ್ಟ ಬಿಳಿ ಅಂಗಿ. ಪಕ್ಕದ ಮೇಜಿನ ಗುಮಾಸ್ತ ಕುರ್ಚಿ ಸಮೇತ ಹಿಂದಕ್ಕೆ ಸರಿದ. ಇನ್ನೊಬ್ಬ ಕರವಸ್ತ್ರ ತೆಗೆದ. ಯಾರೋ ಕಿಟಕಿ ತೆಗೆಯಲು ಓಡಿದರು. ನಾನು ಆ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಹಿಡಿದು ಉಸಿರೆಳೆದೆ. ಇನ್ನೊಮ್ಮೆ ಎಳೆದೆ. ಬಟ್ಟೆ ಮೆತ್ತಗಿತ್ತು, ಅಷ್ಟೇ ತಿಳಿದಿದ್ದು. ‘ಭೇಷ್’ ಎಂದಳು ದರ್ಜಿ, ‘ನಮ್ಮೆಜಮಾನ್ರು ಕೂಡ ಹೀಗೆ ಧೈರ್ಯ ಮಾಡಿಲ್ಲ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಅಂಗಿಯ ಮಡಿಕೆಯೊಳಗೆ ಮೂರನೇ ಸಲ ಉಸಿರೆಳೆದೆ.

ಅವಳು ಹೋದ ಮೇಲೆ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಬಿಳಿ ಕೋಣೆಗೆ ಹೋಗಿ ಕೊಳವೆಗಳಿಗೆ ಗಾಳಿ ಬೆರೆಸಿ ಬಿಡುವ ಯಂತ್ರ ನಡೆಸುವಾಕೆಯನ್ನು ಕೂರಿಸಿಕೊಂಡು ‘ಒಂದು ಸಲ ನನ್ನ ಮೂಗು ಪರೀಕ್ಷೆ ಮಾಡಮ್ಮ’ ಎಂದೆ. ಪ್ರತಿ ಪರೀಕ್ಷೆಗೆ ಮುಂಚೆ ಗೊತ್ತಿರುವ ಒಂದು ವಾಸನೆ ಬಿಟ್ಟು ನಮ್ಮನ್ನು ತೂಗುತ್ತಾರೆ, ಅದರಲ್ಲಿ ತೇರ್ಗಡೆಯಾದರೇ ಆ ದಿನದ ಕುರ್ಚಿ. ಐದನೇ ಹಂತಕ್ಕೆ ಒತ್ತಿದೆ, ತೇರ್ಗಡೆ. ಹತ್ತೊಂಬತ್ತು ವರ್ಷದಿಂದ ನನಗೆ ಐದನೇ ಹಂತವೇ. ನಿಟ್ಟುಸಿರು ಬಿಟ್ಟು ಏಳಬೇಕು, ಅಷ್ಟರಲ್ಲಿ ಏನೋ ಅನುಮಾನ ಬಂದು ಅಲ್ಲಿದ್ದ ಹತ್ತಿಯನ್ನು ಉಂಡೆ ಮಾಡಿ ಕಿವಿಗೆ ತುರುಕಿಕೊಂಡೆ. ‘ಇದೇನ್ ಸಾರ್, ಮೂಗು ನೋಡೋಕೆ ಕಿವಿಗೆ ಹತ್ತಿನಾ?’ ಎಂದಳು ಆಕೆ, ತುಟಿ ನೋಡಿ ತಿಳಿದುಕೊಂಡೆ. ಮತ್ತೆ ಶುರು ಮಾಡಿದಳು. ಆರನೇ ಹಂತ ಹೋಯಿತು, ಒಂಬತ್ತನೆಯದು ಹೋಯಿತು, ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಆಕೆಯೇ ಕೆಮ್ಮುತ್ತಿದ್ದಳು. ನಾನು ಎರಡು ಕೊಳವೆಗಳ ನಡುವೆ ಕೂತು ಎಡವೋ ಬಲವೋ ತಿಳಿಯದೆ ಕೈ ಮಡಿಚಿಕೊಂಡಿದ್ದೆ. ವಿಷಯ ಇಷ್ಟೇ. ವಾಸನೆ ಬಿಡುವಾಗ ಆ ಕೊಳವೆಯ ಬಾಯಿ ‘ಟಿಕ್’ ಎನ್ನುತ್ತದೆ, ಇರುವೆ ಕೆಮ್ಮಿದಷ್ಟು ಸಣ್ಣಗೆ. ಹತ್ತೊಂಬತ್ತು ವರ್ಷ ಕೇಳಿ ಕೇಳಿ ಅದು ನನಗೆ ಬಾಯಿಪಾಠ. ಐದು ಟಿಕ್ ಆದ ಮೇಲೆ ವಾಸನೆ ಬರುವುದು ರೂಢಿ, ಆದ್ದರಿಂದ ಐದು ಟಿಕ್ ಆದಾಗ ನನ್ನ ತಲೆಯೇ ವಾಸನೆ ತಂದುಕೊಡುತ್ತಿತ್ತು. ಮೂಗಿನ ಪರೀಕ್ಷೆಗೆ ನನ್ನ ಕಿವಿ ಹೋಗಿ ಕೂತು ಪಾಸಾಗಿ ಬರುತ್ತಿತ್ತು. ಗೋಂದಿನ ಚೀಲಗಳ ದಿನವೂ ಕೂತಿದ್ದು ಕಿವಿಯೇ. ಆ ದಿನ ಕೋಣೆಯಲ್ಲಿದ್ದದ್ದು ಮೂರೇ ಮೂಗು.

ಯಾವಾಗ ಹೋಯಿತು ಎಂದು ಆ ಸಂಜೆ ಕೂತು ಲೆಕ್ಕ ಹಾಕಿದೆ. ಮೇ ತಿಂಗಳಲ್ಲಿ ಒಂದು ವಾರ ಜ್ವರ ಬಂದಿತ್ತು. ನಿನಗೆ ಹೇಳಲಿಲ್ಲ, ಆಗ ಮಗುವಿಗೆ ಕೆಮ್ಮಿತ್ತು. ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ ಎಂದು ಈಗ ತಿಳಿಯುತ್ತದೆ. ಜೂನಿನಲ್ಲಿ ಹಾಲು ಪಾತ್ರೆ ತಳ ಹಿಡಿದು ಕಪ್ಪಾಗುವವರೆಗೆ ನಾನು ಪಕ್ಕದಲ್ಲೇ ಪೇಪರು ಓದುತ್ತಿದ್ದೆ. ಪೇಪರು ಚೆನ್ನಾಗಿತ್ತು ಎಂದುಕೊಂಡೆ. ಜುಲೈನಲ್ಲಿ ಇಸ್ತ್ರಿಪೆಟ್ಟಿಗೆ ನನ್ನ ನೀಲಿ ಅಂಗಿಯ ಬೆನ್ನಲ್ಲಿ ತನ್ನ ಆಕಾರದ ಕಿಟಕಿ ಮಾಡಿತು, ಮರೆವು ಎಂದುಕೊಂಡೆ. ನಿನ್ನ ಪತ್ರಗಳಿಗೆ ಮಗುವಿನ ಪೌಡರಿನ ವಾಸನೆ ಇರುತ್ತಿತ್ತು. ಲಕೋಟೆ ಒಡೆದು ಮೊದಲು ಅದನ್ನು ಮೂಸಿ ಆಮೇಲೆ ಓದುತ್ತಿದ್ದೆ, ಈ ವಿಷಯ ಯಾರಿಗೂ ಹೇಳಬೇಡ. ಬೇಸಿಗೆಯ ನಂತರ ಆ ವಾಸನೆ ನಿಂತುಹೋಯಿತು. ಮಗು ದೊಡ್ಡದಾಯಿತು, ಪೌಡರು ಬಿಟ್ಟಿದ್ದೀರಿ ಎಂದುಕೊಂಡೆ. ನೋಡು, ಎಲ್ಲದಕ್ಕೂ ನನ್ನ ಹತ್ತಿರ ಒಂದೊಂದು ಸಮಜಾಯಿಷಿ ಇತ್ತು, ಏಕೆಂದರೆ ಬೇಡ ಎನ್ನಲು ಎದುರಿಗೆ ಯಾರೂ ಇರಲಿಲ್ಲ. ನೀನಿದ್ದಿದ್ದರೆ ಪಕ್ಕದ ಕೋಣೆಯಿಂದ ‘ಏನೋ ಸೀಯ್ತಾ ಇದೆ, ಮೂಗು ಕಚೇರೀಲೇ ಬಿಟ್ಟು ಬಂದ್ರಾ’ ಎಂದು ಒಂದು ಕೂಗು ಹಾಕುತ್ತಿದ್ದೆ, ಮೊದಲ ದಿನವೇ ವಿಷಯ ಬಯಲಾಗುತ್ತಿತ್ತು. ಒಂದು ಬೇಲಿಯ ಗಾಳಿಗೆ ನಾಲ್ಕು ಮೂಗು ಬೇಕೆಂದು ನಿಯಮ ಮಾಡಿದವರು ಒಂದು ಮನೆಗೆ ಎಷ್ಟು ಬೇಕೆಂದು ಬರೆದಿಲ್ಲ.

ಎರಡು ವಾರ ನಾನು ಯಾರಿಗೂ ಹೇಳಲಿಲ್ಲ, ಯಂತ್ರದಾಕೆಗೂ ‘ನೆಗಡಿ ಇರ್ಬೇಕಮ್ಮ’ ಎಂದು ಹೇಳಿ ಎದ್ದು ಬಂದಿದ್ದೆ. ಇದನ್ನು ನಿನಗೆ ಬರೆಯಲು ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ. ಹೇಳಿದರೆ ಮೇ ತಿಂಗಳಿನಿಂದ ನಾನು ಕೂತ ಪರೀಕ್ಷೆಗಳೆಲ್ಲ ಮತ್ತೆ ಬಿಚ್ಚಿಕೊಳ್ಳುತ್ತವೆ. ನಾಲ್ಕನೇ ಕುರ್ಚಿ ಹೋಗುತ್ತದೆ. ಮೂಗಿಲ್ಲದವನಿಗೆ ನಮ್ಮಲ್ಲಿರುವ ಕೆಲಸ ದಾಖಲೆ ಕೋಣೆಯದು. ಅಲ್ಲಿ ಒಂದು ಮೇಜು, ಒಂದು ಬಲ್ಬು, ಒಬ್ಬ ಮನುಷ್ಯ. ಮನೆಯಲ್ಲಿ ಒಬ್ಬ, ಅಲ್ಲಿಯೂ ಒಬ್ಬ. ಕಂಡಕ್ಟರನ ‘ಮುಂದೆ ಹೋಗ್ರಿ’ ನೆನೆದು ನೆನೆದು ಎರಡು ವಾರ ಬಾಯಿ ಮುಚ್ಚಿಕೊಂಡೆ. ಪರೀಕ್ಷೆಗೆ ಮಾತ್ರ ಕೂರಲಿಲ್ಲ, ನೆಗಡಿ ಎಂದು ರಜೆ ಬರೆದೆ, ಆದರೆ ಚಹಾದ ಹೊತ್ತಿಗೆ ಸರಿಯಾಗಿ ಹೋಗಿ ನಿಂತುಕೊಂಡೆ. ‘ನೆಗಡಿಯವರಿಗೆ ದೂರದ ಸೀಟು’ ಎಂದು ಕಂಡಕ್ಟರ್ ಲೋಟವನ್ನು ಕಿಟಕಿಯ ಹತ್ತಿರ ಇಟ್ಟುಕೊಟ್ಟ. ಕುಡಿದೆ. ಬಿಸಿಯಾಗಿತ್ತು, ಸಿಹಿಯಾಗಿತ್ತು, ಚಹಾ ಆಗಿರಲಿಲ್ಲ.

ಕಳೆದ ಗುರುವಾರ ದರ್ಜಿಯ ಅಂಗಡಿಯ ಮುಂದೆ ಹೋದೆ, ಸುಮ್ಮನೆ. ಕಿಟಕಿಗಳಿಗೆಲ್ಲ ಪಟ್ಟಿ ಅಂಟಿಸಿ ಸೆಕೆಯಲ್ಲಿ ಕೂತು ಹೊಲಿಯುತ್ತಿದ್ದಳು. ಬಾಗಿಲ ಮೇಲೆ ‘ಬಾಡಿಗೆಗೆ ಇದೆ’ ಎಂಬ ಫಲಕ. ನನ್ನನ್ನು ನೋಡಿ ‘ಬನ್ನಿ ಸಾರ್, ನಿಮ್ಮ ಮೂಗಿಗೆ ನಮ್ಮ ಜಾಗ ಪರವಾಗಿಲ್ಲ ಅನ್ಸುತ್ತೆ, ನೀವೇ ಬಾಡಿಗೆಗೆ ತಗೊಳ್ಳಿ’ ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ತಮಾಷೆಗೆ ಹೇಳಿದಳು. ಮೇಲ್ಮನವಿ ಹಾಕಿಲ್ಲವೇ ಎಂದು ಕೇಳಿದೆ. ‘ನಾಲ್ಕು ಜನ ಮೂಸಿ ಇಲ್ಲ ಅಂದಿದಾರೆ. ನನ್ನ ಮೂಗಿಗೇ ಏನೋ ರೋಗ ಇರ್ಬೇಕು ಅಂತ ನಮ್ಮೆಜಮಾನ್ರು ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ರು’ ಎಂದಳು.

ಶುಕ್ರವಾರ ಬೆಳಿಗ್ಗೆ ಮುಖ್ಯಾಧಿಕಾರಿಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಒಳ್ಳೆಯವರು, ಅದೇ ಕಷ್ಟ. ಬಾಗಿಲು ಹಾಕಿಸಿ, ‘ರೀ, ನೀವು ಹೇಳಿಲ್ಲ, ನಾನು ಕೇಳಿಲ್ಲ. ಇನ್ನೊಂದು ವರ್ಷ ಉಳಿದಿದೆ ನಿಮಗೆ. ಸುಮ್ಮನೆ ಕೂತ್ಕೊಂಡು ಉಸಿರಾಡ್ಕೊಂಡು ಹೋಗಿ’ ಎಂದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅದನ್ನೇ ಒಂದು ಹಾಳೆಯಲ್ಲಿ ಬರೆದು ಟಪಾಲು ಗುಮಾಸ್ತೆಯ ಕಿಂಡಿಯಲ್ಲಿ ಕೊಟ್ಟೆ. ನಮ್ಮ ಇಲಾಖೆಯ ಮಹಿಮೆ ನಿನಗೆ ಗೊತ್ತಿಲ್ಲ. ಬಾಯಲ್ಲಿ ಹೇಳಿದ್ದನ್ನು ಯಾರೂ ಕೇಳದಿರಬಹುದು, ಆದರೆ ಠಸ್ಸೆ ಬಿದ್ದು ಸಂಖ್ಯೆ ಹತ್ತಿದ ಕಾಗದವನ್ನು ಮುಖ್ಯಾಧಿಕಾರಿಯ ಅಪ್ಪನೂ ನುಂಗಲಾರ. ಗುಮಾಸ್ತೆ ಓದಿ, ನನ್ನ ಮುಖ ನೋಡಿ, ‘ಯೋಚನೆ ಮಾಡಿದೀರಾ ಅಣ್ಣ? ಒತ್ತಿದ ಮೇಲೆ ಮುಗೀತು’ ಎಂದಳು. ಒತ್ತು ಎಂದೆ. ಒತ್ತಿದಳು. ಮಧ್ಯಾಹ್ನದೊಳಗೆ ನಾಲ್ಕನೇ ಕುರ್ಚಿಯ ಮೇಲೆ ಯಾರೋ ಫೈಲು ಇಟ್ಟಿದ್ದರು. ಚಹಾಕ್ಕೆ ನಾನು ಹೋಗಲಿಲ್ಲ. ಕಂಡಕ್ಟರನೇ ಒಂದು ಲೋಟ ದಾಖಲೆ ಕೋಣೆಗೆ ತಂದುಕೊಟ್ಟ. ಜೋಕು ಹೇಳದೆ ಹೋದ, ಅದೊಂದು ಬೇಸರವಾಯಿತು.

ಇಷ್ಟೇ ಸುದ್ದಿ. ನಿನ್ನೆ ತೋರಿಸಿಕೊಂಡ ಡಾಕ್ಟರು ಮೂಗು ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ. ಇಷ್ಟು ಹೇಳುವುದಕ್ಕೆ ಅವರು ಅಷ್ಟೆಲ್ಲ ಯಾಕೆ ಓದಿದರೋ. ನೀನಿನ್ನು ಯಾವ ಸೋಪಾದರೂ ಹಾಕಿಕೋ, ಯಾವ ಎಣ್ಣೆಯಾದರೂ ಹಚ್ಚು, ಸರ್ಕಾರದ ಅಭ್ಯಂತರವಿಲ್ಲ. ಮಗಳಿಗೆ ಆಶೀರ್ವಾದ, ಅಳಿಯನಿಗೆ ಮೆಟ್ಟಿಲು ಕಡಿಮೆಯಿರುವ ಮನೆ ಸಿಗಲೆಂಬ ಹಾರೈಕೆ, ಮೊಮ್ಮಗಳ ಎಲ್ಲ ಹಲ್ಲುಗಳಿಗೂ ಬೇರೆ ಬೇರೆಯಾಗಿ ಮುತ್ತು. ನಿನ್ನ ಮಂಡಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ,
ಸರ್ಕಾರ ಬಿಟ್ಟುಕೊಟ್ಟ ಮಿಕ್ಕ ಭಾಗ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ಶುಕ್ರವಾರ ಸಂಜೆಯೇ ಕಾನೂನು ವಿಭಾಗದಿಂದ ನಮೂನೆ ಬಂದಿದೆ. ಈ ತಿಂಗಳ ಇಪ್ಪತ್ತೆಂಟರೊಳಗೆ ತುಂಬಿ ಕೊಟ್ಟರೆ ದರ್ಜಿಯ ದೂರು ತಾನಾಗಿಯೇ ಮತ್ತೆ ತೆರೆಯುತ್ತದೆ, ಗೋಂದಿನ ಗಾಳಿಯನ್ನು ಹೊಸ ಮೂಗುಗಳು ಮೂಸುತ್ತವೆ. ಎಲ್ಲ ತುಂಬಿದ್ದೇನೆ. ಒಂಬತ್ತನೇ ಕಾಲಂ ಉಳಿದಿದೆ: ‘ಸದಸ್ಯರೊಂದಿಗೆ ಅದೇ ಮನೆಯಲ್ಲಿ ವಾಸಿಸುವವರು’. ಕಾನೂನಿನವರನ್ನು ಕೇಳಿದೆ. ‘ಹೆಂಡತಿ ಇದ್ದರೆ ಹೆಂಡತಿ ಅಂತ ಬರೀರಿ, ಯಾರೂ ಇಲ್ಲದಿದ್ರೆ ಯಾರೂ ಇಲ್ಲ ಅಂತ ಬರೀರಿ, ಎರಡೂ ನಡೆಯುತ್ತೆ. ನಿಜ ಇರ್ಬೇಕು ಅಷ್ಟೆ’ ಎಂದರು. ಮೊದಲು ನಿನ್ನ ಹೆಸರು ಬರೆಯಲು ಹೋದೆ, ಕೈ ನಿಂತಿತು. ಆಮೇಲೆ ಯಾರೂ ಇಲ್ಲ ಎಂದು ಬರೆಯಲು ಹೋದೆ, ಅದಕ್ಕೂ ನಿಂತಿತು. ಒಂದು ಸಲ ಸುಳ್ಳಿಗೆ ಸಹಿ ಹಾಕಿದವನು ನಾನು, ಇನ್ನೊಂದು ಬೇಡ. ಏನು ಬರೆಯಲಿ ಎಂದು ತಿಳಿಸು. ಫೋನಿನಲ್ಲಾದರೂ ಸರಿ, ಮಗುವಿಗೆ ಕೊಡಬೇಡ.